ಲಾಳಿ ಬಾವು ಎಂದು ನಾನು ಬರೆದುಕೊಂಡ ಗಂಟು

ಲಾಳಿ ಬಾವು ಎಂಬ ರೋಗ ವೈದ್ಯಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲ. ಆ ಹೆಸರು ಇಟ್ಟವನು ನಾನು. ರಬಕವಿಯ ಸಣ್ಣ ಸರಕಾರಿ ದವಾಖಾನೆಗೆ ನನ್ನನ್ನು ಹಾಕಿ ಆಗ ಒಂದು ವರ್ಷವಾಗಿತ್ತು. ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದೆವು. ಬಾಗಿಲ ಮೇಲಿನ ಫಲಕ ಬದಲಾಗಿತ್ತು, ಒಳಗಿನ ಔಷಧದ ಕಪಾಟು ಬದಲಾಗಿರಲಿಲ್ಲ. ಅಲ್ಲಿ ಇದ್ದವರು ಇಬ್ಬರೇ: ಡಾಕ್ಟರ್ ಆಗಿ ನಾನು, ಮತ್ತು ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರಾದ, ಮುಧೋಳದ ಕಡೆಯ ಒಬ್ಬ ಕಂಪೌಂಡರು.

ಊರಿನಲ್ಲಿ ಓಣಿ ಓಣಿಗೂ ಕೈಮಗ್ಗ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯೊಳಗೆ ಹೊಕ್ಕಿನ, ಎಂದರೆ ಅಡ್ಡ ನೂಲು ಸುತ್ತಿದ ಸಣ್ಣ ಕಂಡಿಕೆ ಇರುತ್ತದೆ. ಲಾಳಿಯ ಬದಿಗೆ ಒಂದು ತೂತು. ಅದಕ್ಕೆ ಕಣ್ಣು ಎನ್ನುತ್ತಾರೆ. ಕಂಡಿಕೆ ತೀರಿದಾಗಲೆಲ್ಲ ಹೊಸದನ್ನು ಕೂಡಿಸಿ, ಆ ಕಣ್ಣಿಗೆ ತುಟಿ ಹಚ್ಚಿ ಸುರ್ರೆಂದು ಒಮ್ಮೆ ಹೀರಬೇಕು. ನೂಲಿನ ತುದಿ ಬಾಯಿಗೆ ಬರುತ್ತದೆ. ಅದನ್ನು ಬೆರಳಿನಿಂದ ಹಿಡಿದೆಳೆದು ಮತ್ತೆ ನೇಯಲು ಹತ್ತುತ್ತಾರೆ. ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಜಮಖಂಡಿಯಲ್ಲಿದ್ದ ನನ್ನ ತಾಯಿ ಹಬ್ಬದ ದಿನ ಮಡಿಯಲ್ಲಿ ಉಡುತ್ತಿದ್ದ ಸೀರೆ ಇದೇ ರಬಕವಿಯದು. ಅದರ ಒಂದೊಂದು ಕಂಡಿಕೆಯ ತುದಿಯೂ ಯಾರದೋ ಬಾಯಿಂದ ಬಂದದ್ದೆಂದು ನಾನು ಅವಳಿಗೆ ಕೊನೆಯವರೆಗೂ ಹೇಳಲಿಲ್ಲ. ಹೇಳಿದ್ದರೆ ಸೀರೆಯೂ ಹೋಗುತ್ತಿತ್ತು, ನಾನೂ ಹೊರಗೆ ಉಣ್ಣಬೇಕಾಗುತ್ತಿತ್ತು.

ಕೆಲವು ನೇಕಾರರು ಕೆನ್ನೆ ಬಾತುಕೊಂಡು ದವಾಖಾನೆಗೆ ಬರುತ್ತಿದ್ದರು. ಊಟಕ್ಕೆ ಕೂತಾಗ ಕಿವಿಯ ಮುಂದೆ ಉಬ್ಬುವುದು, ನೋಯುವುದು, ಒಂದೆರಡು ತಾಸಿನಲ್ಲಿ ಇಳಿಯುವುದು. ಜೊಲ್ಲುಗ್ರಂಥಿಯಿಂದ ಬಾಯಿಗೆ ಜೊಲ್ಲು ತರುವ ಸಣ್ಣ ನಳಿಕೆ ಕಟ್ಟಿದಾಗ ಹೀಗಾಗುತ್ತದೆ. ಇದು ಪುಸ್ತಕದಲ್ಲಿದೆ. ಆದರೆ ಒಬ್ಬ ನೇಕಾರನ ಕೆನ್ನೆ ಒತ್ತಿದಾಗ ಆ ನಳಿಕೆಯ ಬಾಯಿಂದ ಜೊಲ್ಲಿನ ಜೊತೆ ಹತ್ತಿಯ ಎಳೆಯಂಥದ್ದೇನೋ ಹೊರಬಂತು. ನನ್ನ ತಲೆಯಲ್ಲಿ ದೀಪ ಹೊತ್ತಿತು. ಲಾಳಿ ಹೀರುವಾಗ ಹತ್ತಿಯ ಧೂಳು ನಳಿಕೆಗೆ ಹೋಗಿ ಕಟ್ಟುತ್ತದೆ, ಇದು ನೇಕಾರರದೇ ರೋಗ, ಇದನ್ನು ಮೊದಲು ಕಂಡವನು ನಾನು! ನಿಂಬೆಹಣ್ಣಿನ ಹೋಳು ಚೀಪಿಸಿ, ಕಿವಿಯಿಂದ ಬಾಯಿಯ ಕಡೆಗೆ ಕೆನ್ನೆ ನೀವಿಸಿದರೆ ಹಲವರಿಗೆ ಗುಣವೂ ಆಯಿತು. ಒಂದು ವಹಿ ಮಾಡಿ ಒಬ್ಬೊಬ್ಬರದನ್ನೂ ಬರೆದಿಟ್ಟೆ. ಹತ್ತು ಮಂದಿಯಾದರೆ ವೈದ್ಯರ ಪತ್ರಿಕೆಗೆ ಲೇಖನ ಕಳಿಸುವುದೆಂದು ನಿಶ್ಚಯಿಸಿದ್ದೆ. ಲೇಖನದ ತಲೆಬರಹವನ್ನು ನನ್ನ ಹೆಸರಿನ ಸಮೇತ ಮೂರು ಸಲ ಚಂದಗೆ ಬರೆದು ನೋಡಿದ್ದೂ ಉಂಟು. ಅಲ್ಪನಿಗೆ ಐಶ್ವರ್ಯ ಬಂದರೆ ಏನು ಮಾಡಿದನೆಂದು ಗಾದೆಯೇ ಹೇಳುತ್ತದೆ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ, ನಾನು ಮರೆಯಲಾರದ ಒಬ್ಬ ನೇಕಾರರು ಬಂದರು. ಅಮಾವಾಸ್ಯೆಗೆ ಮಗ್ಗ ಹೂಡುವುದಿಲ್ಲವಾದ್ದರಿಂದ ಅಂದು ನನ್ನ ದವಾಖಾನೆಯಲ್ಲಿ ನೇಕಾರರದೇ ಗದ್ದಲ. ಈ ಒಬ್ಬರಿಗೆ ನಲವತ್ತೈದರ ಆಸುಪಾಸು. ಸಣಕಲು ಮೈ, ಶುಭ್ರವಾದ ಧೋತರ, ಮೆಲು ಮಾತು. ಸೀರೆಯ ಅಂಚಿನ ದಡಿ ನೇಯುವುದರಲ್ಲಿ ಓಣಿಗೇ ಹೆಸರಾದವರೆಂದು ಕಂಪೌಂಡರು ಹೇಳಿದರು. ಬಲಗಿವಿಯ ಕೆಳಗೆ, ಹಾಲೆಯನ್ನು ತುಸು ಎತ್ತಿ ಹಿಡಿದಂತೆ, ಬೋರೆಹಣ್ಣಿನಷ್ಟು ಒಂದು ಗಂಟು. ಹನ್ನೆರಡು ವರ್ಷದಿಂದ ಇದೆ, ನೋವಿಲ್ಲ, ಹೆಚ್ಚಿಲ್ಲ ಕಡಿಮೆಯಿಲ್ಲ ಎಂದರು. ಈಚೆಗೆ ಹೆಂಡತಿ, ಇದು ತುಸು ದೊಡ್ಡದಾದಂತಿದೆ, ತೋರಿಸಿಕೊಂಡು ಬನ್ನಿ ಎಂದು ಬೆನ್ನು ಹತ್ತಿದ್ದಕ್ಕೆ ಬಂದರಂತೆ.

ಈಗ ಯಾವ ವಿದ್ಯಾರ್ಥಿಯಾದರೂ ಹೇಳಿಯಾನು. ನಳಿಕೆ ಕಟ್ಟಿದ ಬಾವು ಊಟಕ್ಕೆ ಏರಿ ಇಳಿಯುತ್ತದೆ. ಇದು ಹನ್ನೆರಡು ವರ್ಷ ಇದ್ದಲ್ಲಿ ಇದ್ದ ಗಂಟು. ಜೊಲ್ಲುಗ್ರಂಥಿಯಲ್ಲೇ ಬೆಳೆಯುವ, ಅಪರೂಪದ, ಮಿಶ್ರ ಗಂಟು ಎಂದು ಕರೆಯುವ ಜಾತಿಯದು. ಅದು ವರ್ಷಾನುಗಟ್ಟಲೆ ಸಾಧುವಿನಂತೆ ಕೂತಿರುತ್ತದೆ. ಎಲ್ಲೋ ಕೆಲವರಲ್ಲಿ ಒಂದು ದಿನ ಸ್ವಭಾವ ಬದಲಿಸಿ ಕ್ಯಾನ್ಸರ್ ಆಗುತ್ತದೆ. ಹಾಗಾಗುವ ಮೊದಲೇ ಅದನ್ನು ಸುತ್ತಲಿನ ಗ್ರಂಥಿಯ ಸಮೇತ ತೆಗೆದುಬಿಡಬೇಕು. ಇದನ್ನೆಲ್ಲ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಎದುರಿಗೆ ಕೂತವರು ನೇಕಾರರು, ಊದಿದ್ದು ಕೆನ್ನೆಯ ಹತ್ತಿರ. ನಾನು ವಹಿ ತೆಗೆದು, ಎಂಟನೆಯ ಲಾಳಿ ಬಾವು ಎಂದು ಬರೆದುಕೊಂಡೆ.

ಅವರು ಹೋದ ಮೇಲೆ ಕಂಪೌಂಡರು ಬಾಟಲಿ ಒರೆಸುತ್ತ, ಇದು ಊಟಕ್ಕೆ ಏರೋ ಬಾವಲ್ಲ ಅನಿಸುತ್ತದೆ, ಮಿರಜದ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಹೇಗೆ ಎಂದು ಮೆಲ್ಲಗೆ ಕೇಳಿದರು. ಓದಿದವನು ನಾನೋ ನೀವೋ ಎಂದೆ. ಅವರು ಒರೆಸಿದ ಬಾಟಲಿಗಳನ್ನು ಕಪಾಟಿನಲ್ಲಿ ಜೋಡಿಸಿಟ್ಟರು.

ನಾನು ಹೇಳಿದ್ದನ್ನು ಆ ನೇಕಾರರಷ್ಟು ನಿಷ್ಠೆಯಿಂದ ಮಾಡಿದವರು ಇನ್ನೊಬ್ಬರಿಲ್ಲ. ದಿನಕ್ಕೆ ಮೂರು ಸಲ ನಿಂಬೆಹೋಳು, ಎರಡು ಸಲ ನೀವುವುದು, ಸಂಜೆ ಬಿಸಿನೀರಿನ ಕಾವು. ಪ್ರತಿ ಅಮಾವಾಸ್ಯೆಗೆ ತಪ್ಪದೆ ಬರುವರು. ಹೇಗಿದೆ ಎಂದು ಕೇಳಿದರೆ ಒಂದೇ ಉತ್ತರ: "ಛಲೋ ಐತ್ರಿ ಸಾಹೇಬ್ರ. ಸ್ವಲ್ಪ ಕಮ್ಮಿ ಆದಂಗ ಅನಸ್ತೈತಿ." ನಾನು ಅದನ್ನೇ ಬರೆದುಕೊಳ್ಳುವೆ: ಗುಣಮುಖ. ಬೆರಳಿಗೆ ಗಂಟು ಅಷ್ಟೇ ಇದೆಯೆಂದು ತಿಳಿಯುತ್ತಿತ್ತು. ಒಮ್ಮೊಮ್ಮೆ ತುಸು ಹೆಚ್ಚೇ ಎನಿಸುತ್ತಿತ್ತು. ಆದರೆ ರೋಗಿಯೇ ಕಡಿಮೆಯಾಗಿದೆ ಎನ್ನುವಾಗ ನನಗೇಕೆ ಅನುಮಾನ? ಆ ಸೀಮೆಯ ಜನ ಡಾಕ್ಟರ ಮುಂದೆ ಗುಣವಾಗಿಲ್ಲ ಎಂದು ಹೇಳುವುದನ್ನು ಅಮರ್ಯಾದೆ ಎಂದು ತಿಳಿಯುತ್ತಾರೆ. ಪಾಪ, ಇಷ್ಟು ಮುತುವರ್ಜಿ ಮಾಡಿ ನೋಡುತ್ತಾನೆ, ಅವನ ಮನಸ್ಸು ಯಾಕೆ ನೋಯಿಸಬೇಕು ಎಂದು. ನಾನು ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು, ನನಗೆ ಗೊತ್ತಿರಬೇಕಾಗಿತ್ತು.

ನಾಗರ ಅಮಾವಾಸ್ಯೆ ಹೋಯಿತು, ದೀಪಾವಳಿ ಹೋಯಿತು. ಎಳ್ಳಮಾವಾಸ್ಯೆಗೆ ಅವರು ಬಂದಾಗ ಕೈಯಲ್ಲಿ ಬುತ್ತಿ ಇತ್ತು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಹೆಂಡತಿ ಕೊಟ್ಟು ಕಳಿಸಿದ್ದು ಎಂದರು. ಗಂಟು ಮುಟ್ಟಿದಾಗ ಅವರ ಹುಬ್ಬು ಒಂದಿಷ್ಟು ಬಿಗಿಯಿತು. ನೋವೇ ಎಂದೆ. ಇಲ್ಲ ಎಂದರು. ಆ ದಿನ ಮಧ್ಯಾಹ್ನ ನಾನೂ ಕಂಪೌಂಡರೂ ಆ ಹೋಳಿಗೆ ತಿಂದೆವು.

ಶಿವರಾತ್ರಿಯ ಅಮಾವಾಸ್ಯೆಗೆ ಅವರೊಬ್ಬರೇ ಬರಲಿಲ್ಲ, ಹೆಂಡತಿಯೂ ಬಂದಿದ್ದರು. ಹೇಗಿದೆ ಎಂದು ಕೇಳಿದೆ. ಎಂದಿನಂತೆ ಛಲೋ ಎನ್ನಲು ಅವರು ಬಾಯಿ ತೆರೆದರು. ಹೆಂಡತಿ ನಡುವೆ ಬಂದು, ಖರೇ ಹೇಳ್ರಿ ಎಂದರು. ಅವರು ನೆಲ ನೋಡುತ್ತ ಹೇಳಿದರು:

"ಎಳಿ ಬರವಲ್ದ್ರಿ ಸಾಹೇಬ್ರ. ಲಾಳಿ ಬಾಯಿಗೆ ಹಚ್ಚಿದ್ರ ಈ ಕಡಿ ತುಟಿ ಕೂಡಾಂಗಿಲ್ಲ, ಗಾಳಿ ಹೊರಗ ಹೋಗ್ತೈತಿ."

ನಗಲು ಹೇಳಿದೆ. ಬಾಯಿಯ ಬಲ ಮೂಲೆ ಮೇಲೇಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಲು ಹೇಳಿದೆ. ಎಡಗಣ್ಣು ಮುಚ್ಚಿತು, ಬಲಗಣ್ಣಿನ ರೆಪ್ಪೆಯ ನಡುವೆ ಬಿಳಿ ಕಾಣುತ್ತಿತ್ತು. ಗಂಟಿನ ಮೇಲೆ ಬೆರಳಿಟ್ಟೆ. ಮೊದಲು ಚರ್ಮದ ಕೆಳಗೆ ಅತ್ತಿತ್ತ ಸರಿಯುತ್ತಿದ್ದುದು ಈಗ ಕಲ್ಲಿನಂತೆ ಗಟ್ಟಿಯಾಗಿ ಅಡಿಗೆ ಅಂಟಿ ನಿಂತಿತ್ತು. ಮುಖದ ಸ್ನಾಯುಗಳನ್ನೆಲ್ಲ ಆಡಿಸುವ ನರ ಆ ಗ್ರಂಥಿಯ ನಡುವೆಯೇ ಹಾಯ್ದು, ಮರದ ಟೊಂಗೆಗಳಂತೆ ಕವಲೊಡೆದು ಹೋಗುತ್ತದೆ. ಸಾಧು ಗಂಟು ಎಷ್ಟು ದೊಡ್ಡದಾದರೂ ಆ ನರವನ್ನು ಬದಿಗೆ ಸರಿಸುತ್ತದೆಯೇ ಹೊರತು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ನರ ಸಾಯುತ್ತಿದೆ ಎಂದರೆ ಗಂಟು ಜಾತಿ ಬದಲಿಸಿದೆ ಎಂದೇ ಅರ್ಥ. ಕಂಪೌಂಡರು ನನ್ನ ಮುಖ ನೋಡಲಿಲ್ಲ. ಅದಕ್ಕಾಗಿ ಅವರಿಗೆ ನಾನು ಇಂದಿಗೂ ಋಣಿ.

ಎರಡು ದಿನದಲ್ಲಿ ರಜೆ ಹಾಕಿ ನಾನೇ ಗಂಡಹೆಂಡತಿಯನ್ನು ಕರೆದುಕೊಂಡು ಮಿರಜಕ್ಕೆ ಹೊರಟೆ. ತೇರದಾಳದ ಮೇಲೆ ಮೋಟಾರಿನಲ್ಲಿ ಕುಡಚಿಗೆ, ಅಲ್ಲಿಂದ ರೈಲು. ಕೃಷ್ಣೆಯ ಸೇತುವೆ ಬಂದಾಗ ಅವರ ಹೆಂಡತಿ ಕಿಟಕಿಯಿಂದಲೇ ಹೊಳೆಗೆ ಕೈಮುಗಿದರು. ದಾರಿಯುದ್ದಕ್ಕೂ ನೇಕಾರರು ನನ್ನ ಬಗ್ಗೆಯೇ ಕಾಳಜಿ ಮಾಡಿದರು. ಸಾಹೇಬರಿಗೆ ಚಹಾ ಆಯಿತೇ, ಸಾಹೇಬರಿಗೆ ಬಿಸಿಲು ಬೀಳುತ್ತದೆ ಈ ಕಡೆ ಕೂಡ್ರಲಿ. ತಮ್ಮ ಸಲುವಾಗಿ ಒಬ್ಬ ಸರಕಾರಿ ಡಾಕ್ಟರು ರಜೆ ಹಾಕಿ ಬರುವುದೆಂದರೆ ಏನು ಸಾಮಾನ್ಯವೇ ಎಂದು ಪಕ್ಕದ ಪ್ರಯಾಣಿಕನಿಗೂ ಹೇಳಿದರು. ನಾನು ಕಿಟಕಿಯ ಕಡೆ ಮುಖ ಮಾಡಿದ್ದೆ. ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಮಿರಜದ ಆಸ್ಪತ್ರೆಯ ಸರ್ಜನ್ನರು ಮರಾಠಿಯವರು, ನುರಿತ ಕೈ, ಕಡಿಮೆ ಮಾತು. ಗಂಟು ನೋಡಿ, ಕತ್ತನ್ನು ಎರಡೂ ಬದಿಗೆ ಒತ್ತಿ ನೋಡಿ, ನನ್ನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದರು: ಇವರು ನಿಮ್ಮ ಹತ್ತಿರ ಮೊದಲು ಬಂದದ್ದು ಯಾವಾಗ? ನೇಕಾರರು ನಮ್ಮಿಬ್ಬರ ನಡುವೆ ಸ್ಟೂಲಿನ ಮೇಲೆ ಕೂತಿದ್ದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಎಂಟು ತಿಂಗಳ ಹಿಂದೆ ಎಂದೆ, ಮರಾಠಿಯಲ್ಲಿಯೇ. ಏನು ಮಾಡಿದಿರಿ ಎಂದರು. ನಳಿಕೆ ಕಟ್ಟಿದೆ ಎಂದು ತಿಳಿದು ನಿಂಬೆಹಣ್ಣು ಕೊಟ್ಟೆ ಎಂದೆ. ಆಗಲೇ ಕಳಿಸಿದ್ದರೆ ನರ ಉಳಿಸಿ ತೆಗೆಯಬಹುದಾಗಿತ್ತು ಎಂದಷ್ಟೇ ಅವರು ಹೇಳಿದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ನೇಕಾರರ ಮುಖದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಅವರಿಗೆ ಭಾಷೆ ತಿಳಿಯದು ಎಂದು ನಾನು ಒಳಗೊಳಗೇ ದೇವರಿಗೆ ನಮಸ್ಕಾರ ಮಾಡಿದೆ.

ಆಮೇಲೆ ಸರ್ಜನ್ನರು ಹೇಳಿದ್ದನ್ನು ನಾನು ಗಂಡಹೆಂಡತಿಗೆ ಕನ್ನಡದಲ್ಲಿ ಬಿಡಿಸಿ ಹೇಳಬೇಕಾಯಿತು. ಗಂಟನ್ನು, ಇಡೀ ಗ್ರಂಥಿಯನ್ನು, ಅದರೊಳಗಿನ ನರವನ್ನು ಒಟ್ಟಿಗೆ ತೆಗೆಯಬೇಕು. ತೆಗೆದರೆ ಬಲಮುಖ ಪೂರ್ತಿ ಜೋತುಬೀಳುತ್ತದೆ. ಕಣ್ಣು ಮುಚ್ಚುವುದಿಲ್ಲ. ತುಟಿ ಎಂದೂ ಕೂಡುವುದಿಲ್ಲ. ತೆಗೆಯದಿದ್ದರೆ ಕೆಲವೇ ತಿಂಗಳು. ತೆಗೆದರೂ ಪೂರ್ತಿ ಹೋಗುತ್ತದೆಂಬ ಭರವಸೆ ಇಲ್ಲ.

ನೇಕಾರರು ಬೆರಳಿನಿಂದ ತುಟಿ ಮುಟ್ಟಿ ನೋಡಿಕೊಂಡರು. ಎಡಬದಿಯ ತುಟಿಯಿಂದ ಹೇಗಾದರೂ ಮಾಡಿ ಇನ್ನೂ ಅಷ್ಟಿಷ್ಟು ಎಳೆ ಹೀರುತ್ತಿದ್ದೇನೆ, ಅದೂ ಹೋಗುತ್ತದೆಯೇ ಎಂದು ಕೇಳಿದರು. ಹೋಗುತ್ತದೆ ಎಂದೆ. ಹಾಗಾದರೆ ನೇಯುವವನಾಗಿ ಆರು ತಿಂಗಳು ಬದುಕುವುದೋ, ನೇಯದವನಾಗಿ ಇನ್ನೂ ನಾಲ್ಕು ದಿನ ಹೆಚ್ಚು ಬದುಕುವುದೋ ಎಂದು ಅವರೇ ಲೆಕ್ಕ ಹಾಕಿದರು. ಕೊನೆಗೆ ನನ್ನ ಕಡೆ ನೋಡಿದರು.

"ನಮಗೇನ್ ತಿಳೀತೈತ್ರಿ. ನೀವು ಏನ್ ಅಂತೀರಿ ಅದ."

ಇಡೀ ಪ್ರಸಂಗದಲ್ಲಿ ನಾನು ನಿಜವಾಗಿ ಸೋತ ಗಳಿಗೆ ಇದು. ಈ ಮಾತಿಗೆ ಉತ್ತರ ಕೊಡುವ ಮೊದಲು ನಾನು ಇನ್ನೊಂದು ಮಾತು ಹೇಳಬೇಕಾಗಿತ್ತು: ನಿಮ್ಮನ್ನು ಈ ಸ್ಥಿತಿಗೆ ತಂದವನು ನಾನೇ, ಎಂಟು ತಿಂಗಳು ಕಳೆದವನು ನಾನೇ, ನನ್ನ ಮಾತು ಕೇಳುವ ಮೊದಲು ಇದು ನಿಮಗೆ ಗೊತ್ತಿರಲಿ. ಹೇಳಿದರೆ ಅವರು ಎದ್ದು ಊರಿಗೆ ಹೋಗಿಬಿಡುತ್ತಾರೆ, ಆಪರೇಷನ್ ತಪ್ಪುತ್ತದೆ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಅದು ಹೆದರಿಕೆಗೆ ಹೊದಿಸಿದ ಶಾಲು. ನಾನು ಹೇಳಿದ್ದು ಒಂದೇ ಮಾತು, ತೆಗೆಸಿಬಿಡಿ ಎಂದು. ಆತ್ರಿ ಎಂದರು.

ಮರುದಿನ ಆಪರೇಷನ್. ಸರ್ಜನ್ನರ ಎದುರು ನಿಂತು ಚರ್ಮ ಹಿಡಿಯುವ ಕೆಲಸ ನನ್ನದು. ಬೇಡವೆನ್ನಬಹುದಾಗಿತ್ತು, ಎನ್ನಲಿಲ್ಲ. ಈಥರಿನ ನಿದ್ದೆ ಹತ್ತಿದ ಮೇಲೆ ಕಿವಿಯ ಮುಂದಿನಿಂದ ಕೆಳಗಿಳಿದು, ಹಾಲೆಯ ಅಡಿ ಸುತ್ತಿ, ದವಡೆಯ ಕೆಳಗೆ ಹೋಗುವಂತೆ ಕೊಯ್ದರು. ಚರ್ಮ ಮೇಲೆತ್ತಿದಾಗ ಗಂಟಿನ ಹಳೆಯ ಭಾಗ ಕಂಡಿತು. ಬೆಂದ ಸಾಬುದಾಣಿಯಂತೆ ಬೆಳ್ಳಗೆ, ತುಸು ಪಾರದರ್ಶಕ, ಸುತ್ತ ತೆಳ್ಳನೆಯ ಕವಚ. ಹನ್ನೆರಡು ವರ್ಷ ಯಾರಿಗೂ ಏನೂ ಮಾಡದ ಭಾಗ ಅದು. ಅದರ ಒಳಬದಿಯಲ್ಲಿ ಕವಚ ಒಡೆದು, ಹಳದಿ ಬೂದು ಬಣ್ಣದ ಗಟ್ಟಿ ಪದಾರ್ಥ ಗ್ರಂಥಿಯೊಳಗೆ ಕೈಬೆರಳು ಚಾಚಿದಂತೆ ಇಳಿದಿತ್ತು. ಚಾಕು ತಾಗಿದರೆ ಮರಳು ಕೊಯ್ದ ಸಪ್ಪಳ. ನೋಡಿರಿ, ಇಲ್ಲಿ ತಿರುಗಿದೆ ಎಂದು ಸರ್ಜನ್ನರು ಇಕ್ಕಳದ ತುದಿಯಿಂದ ತೋರಿಸಿದರು.

ಕಿವಿಯ ಹಿಂದಿನ ಎಲುಬಿನ ಹತ್ತಿರ ನರದ ಕಾಂಡವನ್ನು ಹುಡುಕಿದರು. ಬಿಳಿಯ ದಾರ, ಹೊಲಿಗೆಯ ನೂಲಿನ ನಾಲ್ಕು ಎಳೆ ಕೂಡಿಸಿದಷ್ಟು ದಪ್ಪ. ಅದೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಇಕ್ಕಳದಿಂದ ಮೆಲ್ಲಗೆ ಹಿಸುಕುತ್ತಾರೆ. ನರವಾದರೆ ಮುಖ ಅದುರುತ್ತದೆ. ಹಿಸುಕಿದರು. ಬಲಹುಬ್ಬು ಎದ್ದಿತು, ತುಟಿಯ ಮೇಲ್ಭಾಗ ಒಂದಿಷ್ಟು ಮುದುಡಿತು. ಅಷ್ಟು ಜೀವ ಇನ್ನೂ ಇತ್ತು ಅದರಲ್ಲಿ. ಸರ್ಜನ್ನರು ಒಂದು ಕ್ಷಣ ತಡೆದು ಕತ್ತರಿಸಿದರು. ಆಮೇಲೆ ಎಷ್ಟು ಹಿಸುಕಿದರೂ ಆ ಮುಖ ಅಲುಗುವಂತಿರಲಿಲ್ಲ.

ತೆಗೆದದ್ದನ್ನು ಫಾರ್ಮಲಿನ್ ಬಾಟಲಿಯಲ್ಲಿಟ್ಟು ಬಾಯಿಗೆ ಮೇಣ ಬಡಿದು ಪುಣೆಗೆ ಕಳಿಸಿದರು. ಮೂರು ವಾರಕ್ಕೆ ವರದಿ ಬಂತು. ಒಂದೇ ಗಂಟಿನಲ್ಲಿ ಎರಡು ಬಗೆ. ಹಳೆಯದು ಮಿಶ್ರ ಗಂಟು, ಅದರೊಳಗೇ ಹುಟ್ಟಿದ ಹೊಸದು ಕ್ಯಾನ್ಸರ್. ತಿರುವು ಈಚಿನದು ಎಂಬಂತಿದೆ ಎಂದು ಬರೆದಿದ್ದರು. ಈಚಿನದು ಎಂಬ ಆ ಒಂದು ಪದವನ್ನು ನಾನು ಎಷ್ಟು ಸಲ ಓದಿದೆನೋ. ಮಣ್ಣೆತ್ತಿನ ಅಮಾವಾಸ್ಯೆಗೆ ಅವರು ಬಂದಾಗ ಅದು ಇನ್ನೂ ತಿರುಗಿರಲಿಲ್ಲವೋ ಏನೋ. ಯಾರೂ ಹೇಳಲಾರರು. ಮುಂಬಯಿಗೆ ಹೋಗಿ ಎಕ್ಸ್‌ರೇ ಚಿಕಿತ್ಸೆ ತೆಗೆದುಕೊಳ್ಳಬೇಕೆಂದು ಸರ್ಜನ್ನರು ಹೇಳಿದ್ದರು. ಅಷ್ಟು ದೂರ ಬೇಡ, ಆಗುವುದು ಊರಲ್ಲೇ ಆಗಲಿ ಎಂದು ನೇಕಾರರು ಒಪ್ಪಲಿಲ್ಲ. ನಾನು ಹೆಚ್ಚು ಒತ್ತಾಯಿಸಲಿಲ್ಲ. ಒತ್ತಾಯಿಸುವ ಬಾಯಿ ನನಗೆ ಎಲ್ಲಿತ್ತು?

ವಹಿಯಲ್ಲಿ ಎಂಟನೆಯ ಪುಟಕ್ಕೆ ಗೀಟು ಹೊಡೆದೆ. ಉಳಿದ ಏಳು ಮಂದಿಯನ್ನು ಮತ್ತೆ ಕರೆಸಿ ನೋಡಿದರೆ ಇಬ್ಬರಿಗೆ ನಳಿಕೆಯಲ್ಲಿ ಸಾದಾ ಕಲ್ಲು ಇತ್ತು, ಒಬ್ಬನಿಗೆ ಹಲ್ಲಿನ ಬೇನೆ. ಹತ್ತಿ ಎಳೆ ಸಿಕ್ಕಿದ್ದು ಆ ಒಬ್ಬನಲ್ಲೇ. ಅದೂ ಅಂದು ಜೊಲ್ಲು ಒರೆಸಲು ನಾನೇ ಅವನ ಬಾಯಿಗೆ ಇಟ್ಟ ಹತ್ತಿಯದೇ ಇದ್ದೀತು.

ಆಪರೇಷನ್ನಿನ ಗಾಯ ಮಾಯ್ದ ಮೇಲೆ ನೇಕಾರರ ಮನೆಗೆ ವಾರಕ್ಕೊಮ್ಮೆ ಹೋಗತೊಡಗಿದೆ. ಕಣ್ಣು ಮುಚ್ಚದೆ ಒಣಗಿ ಕೆಂಪಾಗುತ್ತಿತ್ತು. ಶುದ್ಧ ಹರಳೆಣ್ಣೆಯ ಹನಿ ಹಾಕುವುದನ್ನು, ಮಲಗುವಾಗ ರೆಪ್ಪೆ ಎಳೆದು ಪಟ್ಟಿ ಹಚ್ಚುವುದನ್ನು ಹೆಂಡತಿಗೆ ಕಲಿಸಿದೆ. ಅದು ಸಾಲದೆ ರೆಪ್ಪೆಗಳ ಹೊರ ಅಂಚನ್ನು ಸೇರಿಸಿ ಎರಡು ಹೊಲಿಗೆ ಹಾಕಿದೆ. ಊಟ ಮಾಡಿದರೆ ಅನ್ನ ಕೆನ್ನೆಯಲ್ಲಿ ಕೂಡುತ್ತಿತ್ತು, ಬೆರಳಿನಿಂದ ತೆಗೆದುಕೊಳ್ಳಬೇಕು. ಮೊದಮೊದಲು ಅವರು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದರಂತೆ.

ಒಂದು ಮಧ್ಯಾಹ್ನ ಹೋದಾಗ ಮಗ್ಗದ ಸಪ್ಪಳ ಕೇಳಿ ಅಚ್ಚರಿಪಟ್ಟೆ. ಅವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದರು. ಪಕ್ಕದಲ್ಲಿ ಹೆಂಡತಿ. ಕಂಡಿಕೆ ತೀರಿದೊಡನೆ ಅವರು ಲಾಳಿಯನ್ನು ಎಡಗೈಯಿಂದ ಚಾಚುವರು, ಹೆಂಡತಿ ಹೊಸ ಕಂಡಿಕೆ ಕೂಡಿಸಿ, ಕಣ್ಣಿಗೆ ತುಟಿ ಹಚ್ಚಿ ಎಳೆ ಹೀರಿ ಮರಳಿ ಕೊಡುವರು. ಇಬ್ಬರಲ್ಲಿ ಯಾರೂ ಮುಖ ಎತ್ತಿ ನೋಡುವುದಿಲ್ಲ, ಮಾತಿಲ್ಲ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ನೇಯದವನಾಗಿ ಬದುಕುವುದು ಎಂದು ಅವರು ಮಿರಜದಲ್ಲಿ ಹಾಕಿದ ಲೆಕ್ಕವನ್ನು ಅವರ ಹೆಂಡತಿ ಸುಳ್ಳು ಮಾಡಿದ್ದರು. ಆ ದಿನ ನನಗೆ ಅಳು ಬಂತು. ಬಂದದ್ದನ್ನು ಮುಚ್ಚಿಕೊಳ್ಳಲು ಕೈಚೀಲದಲ್ಲಿ ಏನೋ ಹುಡುಕಿದೆ.

ಈ ದಿನ ಹೇಳಿಯೇ ಬಿಡುತ್ತೇನೆ ಎಂದು ನಿಶ್ಚಯಿಸಿ ಹೋದದ್ದು ಒಂದೇ ಸಲವಲ್ಲ. ಒಮ್ಮೆ ಬಾಯಿಯನ್ನೂ ತೆರೆದೆ. ನಿಮಗೆ ಒಂದು ಮಾತು ಹೇಳಬೇಕಾಗಿತ್ತು, ಮೊದಲ ಸಲ ನೀವು ದವಾಖಾನೆಗೆ ಬಂದಾಗ, ಎಂದು ಶುರು ಮಾಡಿದೆ. ಅವರು ತಟ್ಟನೆ ಹೆಂಡತಿಯನ್ನು ಕರೆದು, ಸಾಹೇಬರು ಬಿಸಿಲಲ್ಲಿ ಬಂದಿದ್ದಾರೆ, ಚಹಾ ಇಡು ಎಂದರು. ಆಮೇಲೆ ಚಿಮ್ಮಡದ ಕಡೆ ಕಬ್ಬು ಹೇಗಿದೆ, ಲೋಕಾಪುರದ ರಸ್ತೆ ಆಯಿತೇ ಎಂದು ಇಲ್ಲದ ಮಾತೆಲ್ಲ ತೆಗೆದರು. ಮಾತು ಕಡಿಮೆ ಆಡುವ ಮನುಷ್ಯ ಅಂದು ನನಗೆ ಎಡೆ ಕೊಡದಂತೆ ಮಾತಾಡಿದರು. ಅರ್ಧ ಮುಖದಿಂದ ಆಡುವ ಮಾತು, ಪ ಬ ಮ ಸರಿಯಾಗಿ ಹೊರಡುತ್ತಿರಲಿಲ್ಲ. ಚಹಾ ಕುಡಿದು ಎದ್ದೆ.

ದೀಪಾವಳಿಯ ಹೊತ್ತಿಗೆ ಕತ್ತಿನಲ್ಲಿ ಸಾಲಾಗಿ ಗಂಟುಗಳೆದ್ದವು. ಆಮೇಲೆ ಕೆಮ್ಮು, ಉಬ್ಬಸ. ಜಮಖಂಡಿಯಲ್ಲಿ ಎದೆಯ ಎಕ್ಸ್‌ರೇ ತೆಗೆಸಿದರೆ ಎರಡೂ ಪುಪ್ಪುಸಗಳಲ್ಲಿ ನಾಣ್ಯಗಳನ್ನು ಚೆಲ್ಲಿದಂತೆ ದುಂಡನೆಯ ಕಲೆಗಳು. ನಾನು ಕೊಡಬಲ್ಲದ್ದು ಮಾರ್ಫಿಯಾ ಮಾತ್ರ ಉಳಿಯಿತು. ಅದಕ್ಕೂ ಅವರು, ಛಲೋ ಐತ್ರಿ, ಕಮ್ಮಿ ಆಗೇತಿ ಎನ್ನುತ್ತಿದ್ದರು. ಈ ಸಲ ಅದು ಖರೇ ಇತ್ತು. ಎಳ್ಳಮಾವಾಸ್ಯೆಗೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಹತ್ತರ ಸುಮಾರಿಗೆ ಹೋದರು. ಓಣಿಯ ಮಗ್ಗಗಳೆಲ್ಲ ಅಂದು ನಿಂತವು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಂಡವರು ಅವರು.

ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ಬೆಳಿಗ್ಗೆ ಅವರ ಹೆಂಡತಿ ದವಾಖಾನೆಗೆ ಬಂದರು. ಹೊರಗಿನ ಕಟ್ಟೆಯ ಮೇಲೆ ಉಳಿದವರ ಜೊತೆ ಕೂತು, ಸರತಿ ಬಂದಾಗ ಒಳಗೆ ಬಂದರು. ಕಂಪೌಂಡರು ಅವರನ್ನು ಕಂಡೊಡನೆ ತಾವೇ ಹೊರಗೆ ಹೋದರು. ನನಗೆ ಇನ್ನು ತಡೆಯಲು ಆಗಲಿಲ್ಲ. ಎದ್ದು ನಿಂತು ಹೇಳಿದೆ. ಮೊದಲ ದಿನವೇ ನಾನು ತಪ್ಪು ತಿಳಿದೆ, ಎಂಟು ತಿಂಗಳು ಸುಮ್ಮನೆ ಕಳೆದೆ, ಆಗಲೇ ಕಳಿಸಿದ್ದರೆ ಮುಖವೂ ಉಳಿಯುತ್ತಿತ್ತು, ಜೀವವೂ ಉಳಿಯುತ್ತಿತ್ತೇನೋ ಎಂದೆ. ಕಲಿತು ಬಂದ ಪಾಠದಂತೆ ಒಂದೇ ಉಸಿರಿಗೆ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತರು.

"ಗೊತ್ತೈತ್ರಿ ಸಾಹೇಬ್ರ. ಮಿರಜದಾಗ ಆ ದೊಡ್ಡ ಡಾಕ್ಟರ ಮುಂದ ನೀವು ಮರಾಠ್ಯಾಗ ಅಂದದ್ದು ಅವ್ರಿಗೆ ಎಲ್ಲಾ ತಿಳದಿತ್ತು. ಸೀರಿ ಹೊತ್ಕೊಂಡು ಸಾಂಗ್ಲಿ ಪ್ಯಾಟಿಗೆ ಅಡ್ಡಾಡಿದವ್ರು, ಮರಾಠಿ ಬರಲಾರದ ಇರ್ತೈತೇನ್ರಿ. ಅವತ್ತ ನನಗ ಹೇಳಿದ್ರು."

ಆಪರೇಷನ್ನಿಗೆ ಮೊದಲೇ ಅವರಿಗೆ ಗೊತ್ತಿತ್ತು. ನೀವು ಏನ್ ಅಂತೀರಿ ಅದ ಎಂದು ನನ್ನ ಮುಖ ನೋಡಿದಾಗಲೇ. ಮತ್ತೆ ಅವರು ನನಗೆ ಯಾಕೆ ಒಂದು ಮಾತೂ ಅನ್ನಲಿಲ್ಲ ಎಂದು ಕೇಳಿದೆ.

"ನಾನೂ ಅದನ್ನ ಕೇಳಿದ್ನಿರಿ. ಊರಿಗೆ ಇರೂದು ಒಬ್ಬ ಡಾಕ್ಟರ, ಇದನ್ನ ಓಣ್ಯಾಗ ಆಡಿದ್ರ ನಾಳೆ ಯಾರೂ ಅವ್ರ ಕಡೆ ಹೋಗಾಂಗಿಲ್ಲ, ಹೋಗಲಾರದ ಸಾಯ್ತಾರ, ನೀನೂ ಬಾಯಿ ಬಿಡಬ್ಯಾಡ ಅಂದ್ರು. ನಾ ಬಾಯಿ ಬಿಡ್ಲಿಲ್ಲ."

ನಿಮಗೆ ನನ್ನ ಮೇಲೆ ಸಿಟ್ಟು ಬರಲಿಲ್ಲವೇ ಎಂದೆ. ಕೇಳಬಾರದ ಪ್ರಶ್ನೆ. ಅವರು ನನ್ನ ಕಡೆ ನೇರವಾಗಿ ನೋಡಿದರು.

"ಬಂತ್ರಿ. ಇನ್ನೂ ಐತಿ."

ಹೊರಗೆ ಯಾರೋ ಕೆಮ್ಮುತ್ತಿದ್ದರು. ಆಮೇಲೆ ಅವರು ಬಳೆಯಿಲ್ಲದ ಕೈಯನ್ನು ಮೇಜಿನ ಮೇಲೆ ಚಾಚಿದರು. ಮೂರು ದಿನದಿಂದ ಸಂಜೆಗೆ ಥಂಡಿ ಹತ್ತಿ ಜ್ವರ ಬರುತ್ತಿದೆ, ನೋಡ್ರಿ ಎಂದರು. ನಾನು ಗಡಿಯಾರ ತೆಗೆದು ನಾಡಿ ಹಿಡಿದೆ. ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ, ಮತ್ತೆ ತಪ್ಪಿತು. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.